ಸರ್ವಾಕರ್ಷಣ ಮೀಮಾಂಸೆ

ಲೋಕದ ಸಮಸ್ತ ವಸ್ತುಗಳೂ ಒಂದನ್ನೊಂದು ಸೆಳೆಯುತ್ತವೆ. ಇದು ಸೂತ್ರ. ಎರಡರ ದ್ರವ್ಯರಾಶಿಗಳ ಗುಣಲಬ್ಧಕ್ಕೆ ತಕ್ಕಂತೆ ಸೆಳೆತ ಏರುತ್ತದೆ, ನಡುವಿನ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಇದು ವೃತ್ತಿ. 1687ರಲ್ಲಿ ನ್ಯೂಟನ್ ಮಹಾಶಯರು ಇದನ್ನು ಲ್ಯಾಟಿನ್ನಿನಲ್ಲಿ ಬರೆದರು. ಶಾಸ್ತ್ರವೆಂಬುದು ಸುಲಭಕ್ಕೆ ಅರ್ಥವಾಗಕೂಡದೆಂಬ ಮರ್ಮ ಆ ದೇಶದವರಿಗೂ ತಿಳಿದಿತ್ತು.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: ‘ಸ್ವಾಮಿ, ಎಲ್ಲವೂ ಎಲ್ಲವನ್ನೂ ಸೆಳೆಯುವುದಾದರೆ ನಮ್ಮ ಮನೆಯ ಬೀರು ಮಂಚದ ಕಡೆಗೆ ಸರಿಯುವುದಿಲ್ಲವೇಕೆ? ಹಸೆಮಣೆಯ ಮೇಲಿನ ವಧೂವರರು ಮಂತ್ರ ಮುಗಿಯುವ ಮೊದಲೇ ಅಂಟಿಕೊಳ್ಳುವುದಿಲ್ಲವೇಕೆ?’

ಸಮಾಧಾನ: ಸೆಳೆತವಿದೆ, ಸಾಲದು. ತಲಾ 60 ಕಿಲೋ ತೂಗುವ ವಧೂವರರನ್ನು ಒಂದು ಮೀಟರ್ ಅಂತರದಲ್ಲಿ ಕೂರಿಸಿದರೆ (ಲೆಕ್ಕದ ಅನುಕೂಲಕ್ಕೆ ಇಬ್ಬರನ್ನೂ ಗುಂಡಗಿರುವವರೆಂದು ಭಾವಿಸತಕ್ಕದ್ದು, ಆಕ್ಷೇಪಿಸುವ ಬೀಗರನ್ನು ಹೊರಗೆ ಕಳಿಸತಕ್ಕದ್ದು) ಅವರ ನಡುವಿನ ಗುರುತ್ವಬಲ ಮಂಟಪದಲ್ಲಿ ಹಾರಾಡುವ ಸೊಳ್ಳೆಯ ತೂಕದ ನೂರರಲ್ಲೊಂದು ಪಾಲಿನ ಆಸುಪಾಸು. ಉಳಿದದ್ದನ್ನು ಜಾತಕ, ಜಮೀನು ಮುಂತಾದ ಇತರ ಬಲಗಳು ತುಂಬಿಕೊಡುತ್ತವೆ. ಅವು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

‘ಅಷ್ಟು ಸಣ್ಣದನ್ನು ಕಂಡವರಾರು?’ ಎಂದರೆ, ಹೆನ್ರಿ ಕ್ಯಾವೆಂಡಿಷ್. ಈ ಪುಣ್ಯಾತ್ಮರ ಚರಿತ್ರೆಯನ್ನು ತುಸು ವಿಸ್ತರಿಸಲೇಬೇಕು. ಆಗರ್ಭ ಶ್ರೀಮಂತರು, ಲಂಡನ್ನಿನ ಪಕ್ಕದ ಕ್ಲಾಪಮ್‌ನಲ್ಲಿ ವಾಸ. ಮನುಷ್ಯರನ್ನು ಕಂಡರಾಗದು, ಹೆಂಗಸರಂತೂ ಸುತರಾಂ ಆಗದು. ಊಟಕ್ಕೇನು ಬೇಕೆಂಬುದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟು ಮಾಯವಾಗುತ್ತಿದ್ದರು. ಕೆಲಸದಾಕೆ ಎದುರಾದಾಳೆಂದು ಹಿಂಬದಿಗೆ ಬೇರೆ ಮೆಟ್ಟಿಲು ಕಟ್ಟಿಸಿದರು. ಸೆಳೆತವನ್ನು ಅಳೆಯಲು ಯಾವುದರ ಸೆಳೆತಕ್ಕೂ ಸಿಕ್ಕದವನೇ ಅಧಿಕಾರಿ ಎಂಬ ನಮ್ಮ ಲಕ್ಷಣಕ್ಕೆ ಇದಕ್ಕಿಂತ ಲಕ್ಷ್ಯ ಬೇಡ.

ಉಪಕರಣವನ್ನು ಮೊದಲು ಮಾಡಿದವರು ಜಾನ್ ಮಿಚೆಲ್ ಎಂಬ ಪಾದ್ರಿ. ಪ್ರಯೋಗಕ್ಕೆ ಮುಂಚೆಯೇ, 1793ರಲ್ಲಿ, ತೀರಿಕೊಂಡರು. ಕ್ಯಾವೆಂಡಿಷ್ ಅದನ್ನು ಹೊಸದಾಗಿ ಕಟ್ಟಿ 1797ರಲ್ಲಿ ಕೂತರು. ತಂತಿಯಲ್ಲಿ ತೂಗುವ ಆರಡಿಯ ಮರದ ದಂಡ, ಅದರ ಎರಡು ತುದಿಗೂ ಮುಕ್ಕಾಲು ಕಿಲೋ ಹತ್ತಿರದ ಸೀಸದ ಗುಂಡು. ತಲಾ 158 ಕಿಲೋದ ದೊಡ್ಡ ಗುಂಡುಗಳನ್ನು ಹತ್ತಿರ ತಂದಾಗ ದಂಡ ಎಷ್ಟು ತಿರುಗಿತೆಂದು ನೋಡುವುದು. ಮೈಬಿಸಿಗೆ ಗಾಳಿ ಅಲುಗಿದರೂ ಲೆಕ್ಕ ಕೆಟ್ಟಿತು! ಹಾಗಾಗಿ ಕೋಣೆಯನ್ನು ಮುಚ್ಚಿ, ಗೋಡೆಯ ಕಿಂಡಿಗೆ ದೂರದರ್ಶಕ ಹಚ್ಚಿ, ಹೊರಗೆ ನಿಂತು ನೋಡಿದರು. ದೂರ ನಿಲ್ಲುವುದರಲ್ಲಿ ಅವರಿಗೆ ಆಗಲೇ ಅಭ್ಯಾಸವಿತ್ತು.

ಗುಂಡುಗಳ ಸೆಳೆತವನ್ನು ಭೂಮಿಯ ಸೆಳೆತಕ್ಕೆ ಹೋಲಿಸಿ, ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು ಎಂದು 1798ರಲ್ಲಿ ಪ್ರಕಟಿಸಿದರು. ಇಂದಿನ ಲೆಕ್ಕ 5.51. ಸರಾಸರಿ ತೆಗೆಯುವಾಗ ಅವರು ಎಡವಿದ್ದರೆಂದು ಮುಂದೆ ಪತ್ತೆಯಾಯಿತು, ತಿದ್ದಿದರೆ 5.45 ಬರುತ್ತದೆ. ಅಂದರೆ ತಪ್ಪು ಲೆಕ್ಕವೇ ಸತ್ಯಕ್ಕೆ ಹತ್ತಿರ. ಮಹಾತ್ಮರ ಬಳಿ ಸತ್ಯವೂ ಸ್ವಲ್ಪ ಸೆಳೆತಕ್ಕೆ ಒಳಗಾಗುತ್ತದೆಂದು ಪ್ರಸ್ತುತ ಭಾಷ್ಯಕಾರನ ಮತ.

‘ಸೆಳೆಯುವುದು ಏಕೆ?’ ಎಂಬುದು ಮುಂದಿನ ಆಕ್ಷೇಪ. ನ್ಯೂಟನ್ ತಮ್ಮ ಆ ಲ್ಯಾಟಿನ್ ಗ್ರಂಥದ 1713ರ ಎರಡನೆಯ ಆವೃತ್ತಿಯಲ್ಲಿ, ತಾವು ಊಹೆ ಕಟ್ಟುವವರಲ್ಲ ಎಂದು ಕೈತೊಳೆದುಕೊಂಡರು. 1915ರಲ್ಲಿ ಐನ್‌ಸ್ಟೈನ್ ಬಂದು, ಸೆಳೆಯುವ ಬಲವೆಂಬುದೇ ಇಲ್ಲ, ದೇಶಕಾಲವೇ ಬಾಗಿದೆ, ವಸ್ತುಗಳು ಪಾಪ ತಮ್ಮ ಪಾಡಿಗೆ ನೆಟ್ಟಗೆ ಹೋಗುತ್ತಿವೆ ಎಂದರು. 228 ವರ್ಷ ಸೆಳೆದದ್ದೆಲ್ಲ ದಂಡ.

ಪೂರ್ವಪಕ್ಷಿ ಬೇಸತ್ತು ತೆಂಗಿನಮರದ ಕೆಳಗೆ ಹೋಗಿ ನಿಂತ. ಕಾಯಿ ಬಿತ್ತು. ‘ಸೆಳೆತವಿಲ್ಲದಿದ್ದರೆ ಈ ಬುಗುಟು ಎಲ್ಲಿಂದ ಬಂತು?’ ಎಂದು ನೆತ್ತಿ ಹಿಡಿದುಕೊಂಡೇ ವಾದಕ್ಕೆ ಮರಳಿದ.

ನ್ಯೂಟನ್ ಮತದಲ್ಲಿ, ಭೂಮಿ ಕಾಯಿಯನ್ನು ಎಳೆದಷ್ಟೇ ಬಲದಿಂದ ಕಾಯಿಯೂ ಭೂಮಿಯನ್ನು ಎಳೆದಿದೆ. ನೆಂಟರನ್ನು ಎದುರುಗೊಳ್ಳುವ ಯಜಮಾನನಂತೆ ಭೂಮಿಯೂ ಮೇಲೆದ್ದು ಬಂದಿದೆ, ಪ್ರೋಟಾನಿನ ಅಗಲದ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ದೂರ. ಮರ್ಯಾದೆಗೆ ಅಷ್ಟು ಸಾಕು.

ಐನ್‌ಸ್ಟೈನ್ ಮತ ಕಟುವಾದದ್ದು. ಗಾಳಿಯ ತಡೆಯನ್ನು ಬಿಟ್ಟರೆ, ಉದುರುವ ಕಾಯಿಯ ಮೇಲೆ ಯಾವ ಬಲವೂ ಇಲ್ಲ, ಅದು ಸುಮ್ಮನಿತ್ತು. ನೆಲವೇ ಪೂರ್ವಪಕ್ಷಿಯ ಅಂಗಾಲನ್ನು ಒತ್ತಿ, ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 9.8 ಮೀಟರ್‌ನಷ್ಟು ಹೆಚ್ಚಿಸುತ್ತ ಅವನನ್ನು ಮೇಲಕ್ಕೆ ನೂಕುತ್ತಿತ್ತು. ಆದ್ದರಿಂದ ತಲೆಯೇ ಹೋಗಿ ಕಾಯಿಗೆ ಹೊಡೆದಿದೆ. ಕಾಯಿ ಒಡೆದಿದ್ದರೆ ಅದರ ಬೆಲೆಯನ್ನು ಪೂರ್ವಪಕ್ಷಿಯೇ ತೋಟದ ಮಾಲೀಕನಿಗೆ ತೆರತಕ್ಕದ್ದು.