ಅಮೆರಿಕದ ಕುಕ್ಕರ್, ನಮ್ಮೂರ ಕರೆಂಟು

ಮಕ್ಕಳು ಅಮೆರಿಕದಲ್ಲಿರೋ ಮನೆಗಳ ಅಟ್ಟ ಹತ್ತಿ ನೋಡಬೇಕು ರೀ. ಕಾಫಿ ಮೇಕರ್ರು, ಟೋಸ್ಟರ್ರು, ಕೇಕಿನ ಹಿಟ್ಟು ಕಲಸೋ ಮೆಷಿನ್ನು, ಎಲ್ಲ ಡಬ್ಬದ ಸಮೇತ ಧೂಳು ಹಿಡಿದು ಕೂತಿರತ್ತೆ. ಪ್ರೀತಿಯಿಂದ ಹೊತ್ತು ತಂದದ್ದು. ಬಿಸಾಕೋಕೂ ಆಗಲ್ಲ, ಪ್ಲಗ್ಗಿಗೆ ಹಾಕೋಕೂ ಆಗಲ್ಲ. ಈ ಸಲದ ಸರದಿ ಪಕ್ಕದ ಮನೆ ಮೇಷ್ಟ್ರಮ್ಮಂದು. ನ್ಯೂಜೆರ್ಸಿಯ ಮಗಳು ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ತಂದಿದಾಳೆ.

"ಒಂದು ಅಡಾಪ್ಟರ್ ತಂದ್ಕೊಡಪ್ಪ, ಇದರ ಚಪ್ಪಟೆ ಪಿನ್ನು ನಮ್ಮ ಸಾಕೆಟ್ಟಿಗೆ ಹೋಗ್ತಿಲ್ಲ" ಅಂದರು ಕಾಂಪೌಂಡಿನ ಆಚೆಯಿಂದ.

"ಹೋಗದೇ ಇದ್ದದ್ದೇ ಪುಣ್ಯ ಅಮ್ಮ. ಅದನ್ನ ಬೋರಲು ಹಾಕಿ, ತಳದಲ್ಲಿ ಏನು ಬರೆದಿದೆ ಓದಿ."

ಕನ್ನಡಕ ಏರಿಸಿ ಓದಿದರು. 120 ವೋಲ್ಟ್, 60 ಹರ್ಟ್ಸ್, 1000 ವ್ಯಾಟ್. ನಮ್ಮ ಮನೆಗಳಿಗೆ ಬರೋದು 230 ವೋಲ್ಟ್, 50 ಹರ್ಟ್ಸ್.

"ಹಾಗಾದ್ರೆ ಅನ್ನ ಎರಡರಷ್ಟು ಬೇಗ ಆಗತ್ತೆ, ಅಷ್ಟೇ ತಾನೇ?"

ಮೇಷ್ಟ್ರ ಹೆಂಡತಿ, ಲೆಕ್ಕ ಬಿಡೋರಲ್ಲ. ಆದರೆ ಕರೆಂಟಿನ ಲೆಕ್ಕ ಎರಡಕ್ಕೆ ನಿಲ್ಲಲ್ಲವಲ್ಲ! ವೋಲ್ಟೇಜ್ ಎರಡು ಪಟ್ಟಾದರೆ ಕಾಯಿಲ್ಲಿನ ಶಾಖ ನಾಲ್ಕು ಪಟ್ಟು. 1000 ವ್ಯಾಟಿನ ಆ ಕಾಯಿಲ್ಲು ಇಲ್ಲಿ 3600ಕ್ಕೂ ಮೇಲೆ ಎಳೆಯೋಕೆ ಹೋಗತ್ತೆ. ಬಚ್ಚಲ ಗೀಸರ್ರೇ 2000 ವ್ಯಾಟು. ಒಳಗಿನ ಫ್ಯೂಸ್ ಮೊದಲು ಹೋದರೆ ಅದೃಷ್ಟ.

"ಲ್ಯಾಪ್‌ಟಾಪಿಗೆ ಮಾತ್ರ ಬರೀ ಅಡಾಪ್ಟರ್ ಸಿಕ್ಕಿಸ್ಕೊಂಡು ಆರಾಮಾಗಿ ಕೂತಿದಾಳಲ್ಲ?"

ಎಲ್ಲರೂ ಮೋಸ ಹೋಗೋದು ಇಲ್ಲೇ. ಅವಳ ಚಾರ್ಜರ್ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಅಂತ ಇರತ್ತೆ, ಎಲ್ಲಿ ಹಾಕಿದರೂ ನಡೆಯತ್ತೆ. ಅಡಾಪ್ಟರ್ ಬದಲಿಸೋದು ಪಿನ್ನಿನ ಆಕಾರ ಅಷ್ಟೇ, ವೋಲ್ಟೇಜಿನ ತಂಟೆಗೇ ಹೋಗಲ್ಲ.

ಕುಕ್ಕರಿಗೆ ಬೇಕಾದ್ದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಲ್ಲಿ ವಿಚಾರಿಸಬಹುದು. 1000 ವ್ಯಾಟಿಗೆ 1000ದ್ದೇ ತಂದರೆ ಉಸಿರು ಕಟ್ಟಿಕೊಂಡು ಓಡತ್ತೆ, 1500ದ್ದಾದರೂ ಇರಲಿ. 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ಮೋಟಾರಿನ ಸಾಮಾನಾದರೆ ದುಪ್ಪಟ್ಟು ಬೇಕು, ಶುರುವಾಗೋವಾಗ ಅದು ಗಬಕ್ಕನೆ ಎಳೆಯತ್ತೆ. ಒಳಗೆಲ್ಲ ಕಬ್ಬಿಣ, ತಾಮ್ರ, ಎತ್ತಿದರೆ ಸೊಂಟ ಹಿಡಿಯತ್ತೆ. ಅಂಗೈಯಲ್ಲಿ ಹಿಡಿಸೋ ಹಗುರ ಕನ್ವರ್ಟರ್ ಮಾರ್ತಾರೆ ನೋಡಿ, ಅದು ಬಟನ್ನು, ಡಿಸ್‌ಪ್ಲೇ ಇರೋ ಸಾಮಾನಿಗೆ ಆಗಿಬರಲ್ಲ. ಟ್ರಾನ್ಸ್‌ಫಾರ್ಮರನ್ನ ಸಿಂಕಿನಿಂದ ದೂರ ಇಟ್ಟು, ಕೆಲಸ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಕು. ಇಲ್ಲದಿದ್ದರೆ ಕೆಲಸವಿಲ್ಲದೆಯೂ ಗುಂಯ್ ಅಂತ ಬಿಸಿಯಾಗ್ತಾ ಕೂತಿರತ್ತೆ. ಇನ್ನು ಆ ಪ್ಲಗ್ಗಿನ ಮೂರನೇ, ದುಂಡನೆಯ ಪಿನ್ನು ಅರ್ಥಿಂಗಿನದು. ಎರಡೇ ತೂತಿನ ಅಡಾಪ್ಟರ್ ಇದೆ ಅಂತ ಅದನ್ನ ಗರಗಸದಲ್ಲಿ ಕೊಯ್ಯೋ ಮಹಾನುಭಾವರಿದಾರೆ! ಸ್ಟೀಲ್ ಪಾತ್ರೆ, ಒದ್ದೆ ಕೈ, ಮುಂದಿನದು ಹೇಳಬೇಕಾ?

"60, 50 ಅಂದ್ಯಲ್ಲ, ಅದೂ ಸರಿಹೋಗತ್ತಾ?"

ಇಲ್ಲ. ಟ್ರಾನ್ಸ್‌ಫಾರ್ಮರ್ ಹರ್ಟ್ಸ್ ಬದಲಿಸಲ್ಲ. ಬರೀ ಬಿಸಿ ಮಾಡೋ ಕಾಯಿಲ್ಲಿಗೆ ಅದರ ಗೊಡವೆ ಇಲ್ಲ, ಬ್ರಷ್ ಇರೋ ಮಿಕ್ಸಿ ಮೋಟಾರಿಗೂ ಇಲ್ಲ. ಮೈಕ್ರೋವೇವ್ ತಂದಿದ್ದರೆ ಮಾತ್ರ ನಾನು ಕೈ ಮುಗಿದುಬಿಡ್ತಿದ್ದೆ. 60ಕ್ಕೆ ಅಂತಲೇ ಮಾಡಿದ ಅದರ ಒಳಗಿನ ಟ್ರಾನ್ಸ್‌ಫಾರ್ಮರ್ 50ರಲ್ಲಿ ಕಾದು ಕೆಂಡ.

"ನಾನು ಕಳಿಸಿದ ಮಿಕ್ಸಿ ಅಲ್ಲಿ ಸುಮ್ಮನೆ ಗೊರಗೊರ ಅಂತಿತ್ತಂತೆ. ನೀನು ಹಳೇದು ಕೊಟ್ಟಿದೀಯ ಅಂತ ನನ್ನ ಮೇಲೇ ರೇಗಿದಳು."

ಅರ್ಧ ವೋಲ್ಟೇಜಲ್ಲಿ ಚಟ್ನಿ ನುಣ್ಣಗಾಗೋದು ಎಲ್ಲಿಂದ? ಹೋಗೋರಿಗಂತಲೇ 110 ವೋಲ್ಟಿನ ಮಿಕ್ಸಿ ನಮ್ಮಲ್ಲೇ ಮಾರ್ತಾರೆ, ಅದನ್ನ ಕಳಿಸಬೇಕಿತ್ತು.

ನನ್ನ ಕೇಳಿದರೆ, ದುಬಾರಿ ಮೆಷಿನ್ನಾದರೆ ಟ್ರಾನ್ಸ್‌ಫಾರ್ಮರ್ ಹೊರೋದಕ್ಕೆ ಅರ್ಥ ಇದೆ. ಕುಕ್ಕರಿಗೆ ಯಾಕೆ? 230 ವೋಲ್ಟಿನದು ಇಲ್ಲೇ ಸಿಗತ್ತೆ. ಹಾಗಂತಲೇ ಹೇಳಿದೆ. ಮೇಷ್ಟ್ರಮ್ಮ ಮುಚ್ಚಳ ತೆಗೆದು, ಒಳಗಿನ ಸ್ಟೀಲ್ ಪಾತ್ರೆ ಹೊರಗೆತ್ತಿ, ಬೆರಳಲ್ಲಿ ತಟ್ಟಿ ನೋಡಿದರು.

"ಪಾತ್ರೆ ಗಟ್ಟಿಯಾಗಿದೆ. ಹಾಲಿಗೆ ಹೆಪ್ಪು ಹಾಕೋಕಾಯ್ತು. ಮಿಕ್ಕಿದ್ದನ್ನ ನಿಮ್ಮ ಅಟ್ಟದಲ್ಲಿ ಇಟ್ಕೋತೀಯಾ? ನಮ್ಮದು ತುಂಬಿದೆ."