ಬಿಡಾರಬಂಡಿ ಮೀಮಾಂಸೆ

ಇ-ಸೈಕಲ್ಲಿನ ಬಾಲಕ್ಕೆ ಮಲಗುವ ಕೋಣೆ ಕಟ್ಟಿಕೊಂಡು ಊರೂರು ತಿರುಗುವ ವಿದ್ಯೆಗೆ ಶಾಸ್ತ್ರದ ಮರ್ಯಾದೆ ಇನ್ನೂ ಸಿಕ್ಕಿಲ್ಲ. ಪೀಠ ಎಂದರೆ ಇಲ್ಲಿ ಸದ್ಯಕ್ಕೆ ಸೀಟು ಮಾತ್ರ. ಈ ಕೊರತೆ ನೀಗಲು ಹೊರಟ ಪ್ರಸ್ತುತ ಪ್ರಬಂಧದ ಮುಂದಿರುವ ಮೂಲಪ್ರಶ್ನೆ ಒಂದೇ: ಎಳೆಯುವ ಸೈಕಲ್ಲೂ ಎಳೆಸಿಕೊಳ್ಳುವ ಬಿಡಾರವೂ ಒಂದೋ, ಎರಡೋ?

ಮೊದಲು ಚರಿತ್ರೆ. ಬ್ರಿಟನ್ನಿನ ನೌಕಾಪಡೆಯಲ್ಲಿ ವೈದ್ಯರಾಗಿದ್ದು ಆಮೇಲೆ ಕಥೆಗಾರರಾದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್ಲಿನಲ್ಲಿ ಒಂದು ಕ್ಯಾರವಾನ್ ಕಟ್ಟಿಸಿಕೊಂಡರು. ಹೆಸರು 'ವಾಂಡರರ್', ತೂಕ ಸುಮಾರು 2 ಟನ್, ಎಳೆಯಲು ಜೋಡಿ ಕುದುರೆ. ಹೊಟ್ಟೆಪಾಡಿಗಲ್ಲದೆ ಬರೀ ಖುಷಿಗೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂಬ ಹೆಗ್ಗಳಿಕೆ ಅದರದು. ನಾಯಿಯನ್ನೂ ಗಿಳಿಜಾತಿಯ ಹಕ್ಕಿಯೊಂದನ್ನೂ ಕೂರಿಸಿಕೊಂಡು ಆ ಬೇಸಿಗೆಯಲ್ಲಿ ಅವರು ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಸಂಶೋಧಕರು ಕಣ್ಣಿಡಬೇಕಾದ್ದು ಮಾತ್ರ ಅವರ ಸೇವಕನ ಮೇಲೆ. ಎದುರು ಬರುವವರನ್ನು ಎಚ್ಚರಿಸಲು ಅವನು ಬಂಡಿಯ ಮುಂದೆ ಮೂರು ಚಕ್ರದ ಸೈಕಲ್ ತುಳಿಯುತ್ತಿದ್ದ. ಮುಂದೆ ಸೈಕಲ್ಲು, ಹಿಂದೆ ಬಿಡಾರ, ನಡುವೆ ಕುದುರೆ! ಎಲ್ಲವೂ ಆಗಲೇ ಸಾಲಾಗಿ ನಿಂತಿತ್ತು. ಮುಂದಿನ ನೂರು ಚಿಲ್ಲರೆ ವರ್ಷಗಳಲ್ಲಿ ಮನುಷ್ಯಕುಲ ಮಾಡಿದ್ದು ಇಷ್ಟೇ: ಕುದುರೆ ಬಿಚ್ಚಿತು.

ಬಿಚ್ಚಿದ ಕುದುರೆಯನ್ನು ಯುರೋಪಿನ ಕಾನೂನು ಪೂರ್ತಿ ವಾಪಸು ಕೊಡಲಿಲ್ಲ. ಸೈಕಲ್ ಸೈಕಲ್ಲಾಗಿಯೇ ಉಳಿಯಬೇಕಾದರೆ ಮೋಟರಿನ ನಿರಂತರ ಸಾಮರ್ಥ್ಯ 250 ವಾಟ್ ಮೀರಬಾರದು, ಅಂದರೆ ಒಂದು ಅಶ್ವಶಕ್ತಿಯ ಮೂರನೆಯ ಒಂದು ಪಾಲು. ಅದೂ ಸವಾರ ತುಳಿದರೆ ಮಾತ್ರ. ವೇಗ ಗಂಟೆಗೆ 25 ಕಿ.ಮೀ. ಮುಟ್ಟಿತೋ, ಮೋಟರ್ ಕೈತೊಳೆದುಕೊಳ್ಳುತ್ತದೆ. ಅಮೆರಿಕದ ಫೆಡರಲ್ ಕಾನೂನು 750 ವಾಟಿನವರೆಗೆ ಬಿಟ್ಟಿರುವುದರಿಂದ ಅಲ್ಲಿಯವರಿಗೆ ಇಡೀ ಕುದುರೆ ದಕ್ಕಿದೆ. ಬೆನ್ನಿಗೆ ಮನೆ ಕಟ್ಟಿಕೊಂಡವನು 25ರ ಮಿತಿಯನ್ನು ಮುರಿಯುವುದಿರಲಿ, ಅದರ ಮುಖವನ್ನೇ ಅಪರೂಪಕ್ಕೆ ನೋಡುತ್ತಾನೆ. ಇಷ್ಟು ಸುಲಭವಾಗಿ ಪಾಲಿಸಬಹುದಾದ ಕಾನೂನು ಇನ್ನೊಂದಿಲ್ಲ.

ಇಂಥ ಬಿಡಾರಗಳಲ್ಲಿ ಡೆನ್ಮಾರ್ಕಿನ 'ವೈಡ್ ಪಾತ್ ಕ್ಯಾಂಪರ್' ಹೆಸರಾದದ್ದು. ಗಟ್ಟಿ ಗೋಡೆಯ ಈ ಪೆಟ್ಟಿಗೆಯ ತೂಕ ಸುಮಾರು 45 ಕೆ.ಜಿ. ರಸ್ತೆಯಲ್ಲಿ ಮಡಚಿಕೊಂಡಿರುತ್ತದೆ, ತಂಗುವಲ್ಲಿ ಅದರ ಒಂದರ್ಧವನ್ನು ಹಿಂದಕ್ಕೆ ಮಗುಚಿದರೆ ಉದ್ದ ದುಪ್ಪಟ್ಟಾಗಿ, ಹಗಲು ಮೇಜು-ಬೆಂಚು, ರಾತ್ರಿ ಇಬ್ಬರ ಹಾಸಿಗೆ. ಇಂಥದು ಡೆನ್ಮಾರ್ಕಿನಲ್ಲೇ ಹುಟ್ಟಿದ್ದಕ್ಕೆ ಭೂಗೋಳ ಸಾಕ್ಷಿ: ಆ ದೇಶದ ಅತಿ ಎತ್ತರದ ನೆಲ 171 ಮೀಟರ್. ಅದಕ್ಕಿಂತ ಗಿಡ್ಡದಾದ 147 ಮೀಟರಿನ ಗುಡ್ಡವೊಂದಕ್ಕೆ ಅವರು 'ಹಿಮ್ಮೆಲ್‌ಬ್ಯಾರ್ಗೆಟ್', ಅಂದರೆ ಆಕಾಶಪರ್ವತ ಎಂದು ಹೆಸರಿಟ್ಟಿದ್ದಾರೆ. ಗುಡ್ಡ ನೋಡಿ ಇಟ್ಟ ಹೆಸರಂತೂ ಅಲ್ಲ. ಬಹುಶಃ ಸಾಮಾನು ಹೊತ್ತು ಹತ್ತಿದವನು ಇಟ್ಟದ್ದಿರಬೇಕು.

ಈಗ ಸಿದ್ಧಾಂತಕ್ಕೆ ಬರೋಣ. ಸಮತಟ್ಟಾದ ರಸ್ತೆಯಲ್ಲಿ, ಗಾಳಿ ಅಲುಗದ ಬೆಳಗ್ಗೆ, ಸವಾರನಿಗೆ ಹಿಂದೊಂದು ಬಂಡಿ ಇದೆಯೆಂಬ ಅರಿವೇ ಇರುವುದಿಲ್ಲ. ಇದು ಅದ್ವೈತ. ಏರು ಬಂದೊಡನೆ ಮಾಯೆ ಹರಿಯುತ್ತದೆ. ಸವಾರ, ಸೈಕಲ್, ಬಿಡಾರ, ಸಾಮಾನು ಸೇರಿ 170 ಕೆ.ಜಿ. ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗ ಉಳಿಸಿಕೊಳ್ಳಲು ಏರಿಗೇ ಸುಮಾರು 280 ವಾಟ್ ಬೇಕು. ಮೋಟರಿನ ಪಾಲು ಅಲ್ಲಿಗೆ ಮುಗಿಯಿತು, ಮಿಕ್ಕದ್ದು ತೊಡೆಯ ಪಾಲು. ಮೋಟರ್ ಹೀಗೆ 250 ವಾಟ್ ಹೀರುತ್ತಲೇ ಇದ್ದರೆ 500 ವಾಟ್-ಅವರ್ ಬ್ಯಾಟರಿ ಎರಡು ಗಂಟೆಗೆ ಬರಿದು. ಅಷ್ಟರಲ್ಲಿ ಸವಾರ ಅಪ್ಪಟ ದ್ವೈತಿಯಾಗಿರುತ್ತಾನೆ: ತಾನು ಬೇರೆ, ಸೈಕಲ್ ಬೇರೆ, ಬಂಡಿ ಬೇರೆ, ಇದನ್ನು ಕೊಂಡುಕೊಳ್ಳಲು ಹುರಿದುಂಬಿಸಿದ ಭಾವಮೈದ ಅಂತೂ ಬೇರೆಯೇ.

ಇಳಿಜಾರಿನಲ್ಲಿ ಸಂಬಂಧ ತಿರುಗುಮುರುಗು. ಎಳೆಸಿಕೊಂಡದ್ದು ಈಗ ತಳ್ಳುತ್ತದೆ. ಇಂಥ ಬಹುತೇಕ ಬಂಡಿಗಳಿಗೆ ಸ್ವಂತ ಬ್ರೇಕಿಲ್ಲ, ಎಲ್ಲರ ಭಾರವನ್ನೂ ಸೈಕಲ್ಲಿನ ಎರಡು ಡಿಸ್ಕುಗಳೇ ತಡೆಯಬೇಕು. ಪೆಡಲಿನ ಬಳಿ ಮೋಟರ್ ಇರುವ ಸೈಕಲ್ಲುಗಳಲ್ಲಿ ಹಿಂಚಕ್ರ ಸರಪಳಿಯ ಹಂಗಿಲ್ಲದೆ ತಿರುಗುವುದರಿಂದ ಇಳಿಯುವಾಗ ಬ್ಯಾಟರಿಗೆ ಮರಳಿ ಬರುವುದು ಶೂನ್ಯ. ಏರುವಾಗ ಬೆವರು ಸುರಿಸಿ ಕೂಡಿಟ್ಟದ್ದೆಲ್ಲ ಬ್ರೇಕ್ ಬಿಸಿಯಾಗುವುದಕ್ಕೇ ಸರಿಹೋಯಿತು.

ಡೆನ್ಮಾರ್ಕಿನಲ್ಲಿ ಏರೇ ಇಲ್ಲವಲ್ಲ ಎಂಬುದು ಪೂರ್ವಪಕ್ಷ. ಅಲ್ಲಿ ಬೆಟ್ಟದ ಕೆಲಸವನ್ನು ಗಾಳಿ ವಹಿಸಿಕೊಂಡಿದೆ ಎಂಬುದು ಅದಕ್ಕೆ ಉತ್ತರ. ಬಿಡಾರದ ಮುಖ ಬೀರುವಿನ ಬಾಗಿಲಿನಂತೆ ಚಪ್ಪಟೆ. ಗಂಟೆಗೆ 20 ಕಿ.ಮೀ. ಎದುರುಗಾಳಿಯಲ್ಲಿ ಅಷ್ಟೇ ವೇಗದಲ್ಲಿ ಹೋಗಬೇಕೆಂದರೆ ಗಾಳಿಯೊಬ್ಬನಿಗೇ 400 ವಾಟಿನಷ್ಟು ಕಪ್ಪ ಸಲ್ಲಬೇಕು. ಬೆಟ್ಟವಾದರೆ ಒಮ್ಮೆ ತುದಿ ಬರುತ್ತದೆ.

ಒಂದೋ ಎರಡೋ ಎಂಬ ಜಗಳವನ್ನು ತೀರ್ಮಾನಿಸುವುದು ಕೊನೆಗೆ ಹಿಂಚಕ್ರದ ಅಚ್ಚಿಗೆ ಸಿಕ್ಕಿಸುವ ಗೇಣುದ್ದದ ಕೊಂಡಿ. ಅದು ಎರಡನ್ನೂ ಬಿಡದು, ಒಂದಾಗಲೂ ಬಿಡದು. ಸೈಕಲ್ ಮಗ್ಗುಲಾಗಿ ಬಿದ್ದರೂ ಬಂಡಿ ನೆಟ್ಟಗೆ ನಿಲ್ಲುವಂತೆ ಎಲ್ಲ ದಿಕ್ಕಿಗೂ ಹೊರಳುತ್ತದೆ. ವಿಶಿಷ್ಟಾದ್ವೈತಕ್ಕೆ ಇದಕ್ಕಿಂತ ಅಗ್ಗದ ನಿದರ್ಶನ ಸಿಗಲಾರದು. ಕೊಂಡಿ ಕೈಕೊಟ್ಟೀತೆಂದು ಜತೆಗೊಂದು ಪಟ್ಟಿಯನ್ನೂ ಬಿಗಿದಿರುತ್ತಾರೆ. ದರ್ಶನಗಳಲ್ಲಿ ಈ ಏರ್ಪಾಡು ಇಲ್ಲ. ಸಾಮಾನು ಜೋಡಿಸುವ ಬಗೆಯನ್ನು ಎತ್ತಿನ ಗಾಡಿ ಹೂಡಿದ ಯಾರಿಗೂ ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಮಿತಿಮೀರಿದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಇಲ್ಲಿಯೂ ನೀರಿನ ಕ್ಯಾನು ಅಚ್ಚಿನ ಹಿಂದೆ ಹೋಯಿತೆಂದರೆ ಸೈಕಲ್ಲಿನ ಹಿಂಚಕ್ರ ನೆಲದ ಮೇಲಿನ ಹಿಡಿತ ಕಳೆದುಕೊಂಡು, ಬಂಡಿ ನಾಯಿಬಾಲದಂತೆ ಅಲ್ಲಾಡತೊಡಗುತ್ತದೆ.

ಸಂಜೆ. ಶಿಬಿರದ ಹುಲ್ಲಿನ ಮೇಲೆ ಬಿಡಾರ ಬಿಚ್ಚಿಕೊಂಡಿದೆ. ವಿದ್ಯುತ್ ಕಂಬದ ಪ್ಲಗ್ಗಿನಲ್ಲಿ ಬ್ಯಾಟರಿ ಕೂತಿದ್ದು, 500 ವಾಟ್-ಅವರ್ ತುಂಬಲು ಸುಮಾರು ನಾಲ್ಕೂವರೆ ಗಂಟೆ ಬೇಕು. ಚಹದ ಕೆಟಲ್ಲು ಅಲ್ಲಿಯತನಕ ಕೈಯಲ್ಲೇ ಇರಬೇಕಾಗುತ್ತದೆ. ರಾತ್ರಿ ಮಳೆ ಹಿಡಿಯುತ್ತದೆ. ಚಳಿಗೆ ಲಿಥಿಯಂ ಬ್ಯಾಟರಿ ಸೊರಗುವುದರಿಂದ, ತುಂಬಿದ ಮೇಲೆ ಅದನ್ನು ಬಿಚ್ಚಿ ಒಳಗೆ ತಂದು, ಒರೆಸಿ, ಇಬ್ಬರ ಹಾಸಿಗೆಯಲ್ಲಿ ಮೂರನೆಯವರಾಗಿ ಮಲಗಿಸುತ್ತಾರೆ. ದಿನವಿಡೀ ಮನೆ ಎಳೆದ ಸೈಕಲ್ಲು ಅದೇ ಮನೆಯ ಗೋಡೆಗೆ ಒರಗಿ, ಸೀಟಿಗೊಂದು ಪ್ಲಾಸ್ಟಿಕ್ ಚೀಲ ಹೊದ್ದು ಹೊರಗೆ ನೆನೆಯುತ್ತಿದೆ.