ಕುಳ್ಳ ಮಂಚದ ಮಾತು

ನಿಮ್ಮ ಮಗ ಜಪಾನೀ ಮಂಚನೇ ಬೇಕಂತ ಹಟ ಹಿಡಿದಾನಂತಲ್ರೀ ವೈನಿ? ಹಿಡೀಲಿ ಬಿಡ್ರಿ. ಮದುವೆ ಗೊತ್ತಾದ ಹುಡುಗ, ಹೊಸ ಖೋಲಿ, ಆಸೆ ಇರೋದೇ. ನೆಲದಿಂದ 8-10 ಇಂಚು ಎತ್ತರ, ಮೇಲೆ ಗಾದಿ, ತಲೆದೆಸೆಗೆ ಗಿಳಿ ಇಲ್ಲ, ನವಿಲಿಲ್ಲ. ನೋಡಲು ಚೆಂದವೇ ಇದೆ. ಖೋಲಿಯೂ ಎತ್ತರ ಕಾಣುತ್ತದೆ.

ಆದರೆ ಜಪಾನಿನ ಹಳೆಯ ಮನೆಗಳಲ್ಲಿ ಮಂಚವೇ ಇರುತ್ತಿರಲಿಲ್ಲ, ಅದು ಗೊತ್ತೇನ್ರೀ? ನೆಲದ ತುಂಬ ತತಾಮಿ ಅಂತ ಹುಲ್ಲಿನ ದಪ್ಪ ಚಾಪೆ, ಒಂದೊಂದೂ ಸುಮಾರು 3 ಅಡಿ ಅಗಲ, 6 ಅಡಿ ಉದ್ದ, 2 ಇಂಚು ದಪ್ಪ. ಅದರ ಮೇಲೆ ಫುಟಾನ್ ಅಂತ ಹತ್ತಿಯ ಹಾಸಿಗೆ. ಬೆಳಗಾದರೆ ಮಡಚಿ ಕಪಾಟಿಗೆ, ಬಿಸಿಲು ಬಿದ್ದ ದಿನ ಹೊರಗೆ. ಪಿಂಜಾರರು ಹತ್ತಿ ಹಿಂಜಿ ತುಂಬಿಕೊಟ್ಟ ಗಾದಿಯನ್ನು ನಾವು ಮಾಳಿಗೆ ಮೇಲೆ ಒಣಹಾಕುತ್ತಿದ್ದೆವಲ್ಲ, ಹಂಗೇ.

ಹೊರಸಿನ ಸಂಗತಿಯೂ ಅದೇ. ಪುಂಡಿನಾರಿನ ಹಗ್ಗ ಜೋಲು ಬಿದ್ದರೆ ನಮ್ಮ ಮುತ್ಯಾ ಕಾಲ್ದೆಸೆಯ ಕಡೆ ಕೂತು, ಪಾದ ಒತ್ತಿಕೊಟ್ಟು, ಒಂದೊಂದೇ ಎಳೆ ಜಗ್ಗಿ ಬಿಗಿಯುತ್ತಿದ್ದ. ಬಿಗಿಯಾದ ಹೊಸದರಲ್ಲಿ ಮೊದಲು ಮಲಗಲು ನಾವು ಹುಡುಗರು ಜಗಳಾಡುವುದು! ರಾತ್ರಿ ಅಂಗಳಕ್ಕೆ, ಹಗಲು ಗೋಡೆಗೆ ಒರಗಿಸಿ ನಿಲ್ಲಿಸಿಬಿಟ್ಟರೆ ಪಡಸಾಲೆಯೆಲ್ಲ ಖಾಲಿ. ಈ ಕುಳ್ಳ ಮಂಚ ಹಾಗಲ್ಲ ನೋಡ್ರಿ. ಹಗಲೂ ರಾತ್ರಿಯೂ ಖೋಲಿಯಲ್ಲೇ ಕಾಲು ಚಾಚಿಕೊಂಡು ಬಿದ್ದಿರುತ್ತದೆ.

ಇನ್ನು ಮಂಚದ ಕೆಳಗಿನ ಜಾಗದ ಮಾತು. ನಮ್ಮ ಕಡೆ ಅಲ್ಲಿ ಏನಿಲ್ಲ ಹೇಳ್ರಿ? ಟ್ರಂಕು, ಕೌದಿ ಗಂಟು, ಜೋಳದ ಚೀಲ. ಬಸವನ ಬಾಗೇವಾಡಿ ಕಡೆ ನಮ್ಮ ದೊಡ್ಡವ್ವನ ಮನೆಯಲ್ಲಿ ಉಳ್ಳಾಗಡ್ಡಿ ಕಿತ್ತ ಮೇಲೆ ಮಂಚದ ಬುಡದಲ್ಲೇ ಹರವುತ್ತಿದ್ದರು. ಗಾಳಿ ಆಡಬೇಕು, ಬಿಸಿಲು ತಾಗಬಾರದು, ಅದಕ್ಕೆ ಅಲ್ಲಿಗಿಂತ ಒಳ್ಳೆಯ ಜಾಗ ಇಲ್ಲ. ಕುಳ್ಳ ಮಂಚ ಹಾಕಿದರೆ ಇದಕ್ಕೆಲ್ಲ ಬೇರೆ ಕಡೆ ಒಂದು ಅಟ್ಟವೋ ಕಪಾಟೋ ಮೊದಲೇ ಮಾಡಿಸಬೇಕಾಗುತ್ತದೆ, ಹೌದಿಲ್ಲೋ?

ನನಗೆ ನಿಜವಾಗಿ ಚಿಂತೆ ಇರೋದು ಧೂಳು ಮತ್ತು ಚೇಳಿನದು. ನಮ್ಮದು ಎರೆ ಸೀಮೆ, ಬೇಸಿಗೆ ಗಾಳಿ ಎದ್ದರೆ ಕಿಟಕಿ ಹಾಕಿದರೂ ಧೂಳು ಒಳಗೇ. ನಾಲ್ಕು ಇಂಚಿನ ಸಂದು ಬಿಟ್ಟರೆ ಕಸಬರಿಗೆ ಹೋಗದು, ಚೇಳು ಹೋಗುತ್ತದೆ! ಅದಕ್ಕೇ ಎರಡರಲ್ಲೊಂದು: ನೆಲದ ತನಕ ಸಂದಿಲ್ಲದಂತೆ ಪೂರ್ತಿ ಮುಚ್ಚಿಸಿ, ಇಲ್ಲವೇ ಕೈ ಹಾಕಿ ಗುಡಿಸುವಷ್ಟು ಎತ್ತರ ಬಿಡಿಸಿ. ಮುಚ್ಚಿಸಿದರೆ ಕಟ್ಟಿಗೆ ನೇರ ಫರಸಿಗೆ ಕೂಡಬಾರದು, ಕೆಳಗೆ ತೆಳು ಕಲ್ಲಿನ ಪಟ್ಟಿ ಕೊಡಿಸಿ. ಗೆದ್ದಲು ಒಮ್ಮೆ ದಾರಿ ಹಿಡಿಯಿತೆಂದರೆ ಬಿಡುವುದಿಲ್ಲ.

ಕಟ್ಟಿಗೆಗೆ ಸಾಗವಾನಿಯಾದರೆ ಒಳ್ಳೆಯದೇ, ಆದರೆ ತಿರುಳು ನೋಡಿ ತಗೊಳ್ಳಲಿ. ಅಂಚಿನ ಬಿಳಿ ಭಾಗ ಇದ್ದರೆ ಗೆದ್ದಲಿಗೆ ಅದೇ ಊಟ. ಚೆನ್ನಾಗಿ ಒಣಗಿದ ಬೇವು ಸಿಕ್ಕರೂ ಸಾಕು, ನಮ್ಮ ಹೊಲದ್ದೇ ಆದರೆ ಇನ್ನೂ ಚಂದ. ಹಳೆ ಮಾಳಿಗೆ ಮನೆ ಕೆಡವುತ್ತಾರಲ್ಲ, ಆ ತೊಲೆ, ಜಂತಿ ಕೇಳಿ ನೋಡ್ರಿ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರು ಕಂಬ, ತೊಲೆ, ಬಾಗಿಲು ಚೌಕಟ್ಟುಗಳನ್ನೆಲ್ಲ ಬಿಚ್ಚಿ ಬಂಡಿ, ಟ್ರ್ಯಾಕ್ಟರಿನಲ್ಲಿ ಹೊತ್ತು ತಂದರು. ಕಲ್ಲು ಮಣ್ಣು ನೀರಿಗೆ ಬಿಟ್ಟರೂ ಕಟ್ಟಿಗೆ ಬಿಡಲಿಲ್ಲ. ಹಳೆ ತೊಲೆ ಆಗಲೇ ಒಣಗಿ ಬಾಗುವಷ್ಟು ಬಾಗಿರುತ್ತದೆ, ಇನ್ನು ಬಿರುಕು ಬಿಡುವ ಭಯ ಕಡಿಮೆ. ಕೊಯ್ಯುವ ಮೊದಲು ಮೊಳೆ ಮಾತ್ರ ಕೀಳಿಸಬೇಕು.

ಅಯ್ಯ, ಮಾತು ಎಲ್ಲಿಗೋ ಹೋಯಿತು. ಮುಖ್ಯ ಹಾಸು. ಪೂರ್ತಿ ಪ್ಲೈವುಡ್ ಹೊದಿಸಬೇಡಿ. ಜಪಾನಿನಲ್ಲಿ ತೇವಕ್ಕೆ ಫುಟಾನ್ ಬೂಸ್ಟು ಹಿಡಿಯುತ್ತದಂತ ಈಗ ಕೆಳಗೆ ಸಂದು ಬಿಟ್ಟ ಪಟ್ಟಿಗಳನ್ನು ಇಡುತ್ತಾರೆ. ನಮ್ಮದು ಒಣ ಸೀಮೆ, ಬೂಸ್ಟಿನ ಕಾಟ ಅಷ್ಟಿಲ್ಲ. ಆದರೆ ಬೆವರು? ಪಟ್ಟಿಗಳ ನಡುವೆ ಎರಡು ಇಂಚು ಸಂದು ಇದ್ದರೆ ಗಾದಿ ಬೇಗ ಆರುತ್ತದೆ. ಕೆಳಗೆ ಮುಚ್ಚಿಸಿದರೂ ಗೋಡೆಯ ಕಡೆ ಜಾಳಿಗೆ ಇರಲಿ, ಮೇಲಿನ ಪಟ್ಟಿ ಎತ್ತಿ ಒಳಗೆ ಗುಡಿಸುವಂತಿರಲಿ. ಬೇಸಿಗೆಗೆ ಕುಳ್ಳ ಮಂಚ ಹಿತವೇ ಅನ್ನಿ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಶಾಖ ಬಿಡುವಾಗ ನೆಲದ ಹತ್ತಿರ ಇದ್ದಷ್ಟೂ ತಂಪು.

ಇನ್ನೊಂದು, ಫೋಟೊದ ಮಂಚಗಳಲ್ಲಿ ಗಾದಿಯ ಸುತ್ತ ಅರ್ಧ ಅಡಿ ಕಟ್ಟಿಗೆಯ ಅಂಚು ಇರುತ್ತದೆ. ದೊಡ್ಡ ಖೋಲಿಗೆ ಅದು ಶೋಭೆ. ನಮ್ಮ 10 ಅಡಿ ಖೋಲಿಯಲ್ಲಿ ರಾತ್ರಿ ಎದ್ದವರ ಮೊಣಕಾಲ ಕೆಳಗೇ ಬಡಿಯುವುದು. ಅಂಚು ಬೇಡವೇ ಬೇಡ. ನಿಮ್ಮ ಅತ್ತಿಯವರ ಖೋಲಿಗಂತೂ ಈ ಮಾತೇ ಎತ್ತಬೇಡಿ, ಅವರ ಮಂಚ 18 ಇಂಚಿಗೆ ಇರಲಿ, ಕೂತಾಗ ಪಾದ ನೆಲಕ್ಕೆ ಊರಬೇಕು, ಮೊಣಕಾಲಿಗೆ ಭಾರ ಬೀಳದೆ ಏಳುವಂತಿರಬೇಕು, ಅಲ್ಲೇನ್ರೀ?

ಬಡಿಗ್ಯಾರಿಗೆ ಮುಂಗಡ ಕೊಡುವ ಮೊದಲು ಹುಡುಗನಿಗೆ ಹೇಳ್ರಿ, ಹಳೆ ಪೇಪರು ಜೋಡಿಸಿ ಮಂಚದ ಅಳತೆಗೆ ನೆಲದ ಮೇಲೆ ಹಾಸಲಿ, ಆಮೇಲೆ ಅಲಮಾರಿ ಬಾಗಿಲು ಪೂರ್ತಿ ತೆಗೆದು ನೋಡಲಿ.